ಎಡಗಾಲು ಸರಿಯಿದೆ

ಇಸ್ತ್ರಿ ಅಜ್ಜ ನಲವತ್ತು ವರ್ಷ ನಿಂತೇ ದುಡಿದವನು. ಕಂಡವರ ಅಂಗಿಯ ಸುಕ್ಕೆಲ್ಲ ತೆಗೆದವನಿಗೆ ಕೊನೆಗೆ ಸಿಕ್ಕಿದ್ದು ಸಕ್ಕರೆ ಕಾಯಿಲೆ, ಬಲಗಾಲಿನ ಅಡಿಯಲ್ಲೊಂದು ಹುಣ್ಣು. ಆ ಹುಣ್ಣಿನ ದೆಸೆಯಿಂದ ಅವನಿಗೊಂದು ಮರ್ಯಾದೆಯೂ ಬಂತು. ಕುಟುಂಬ ವೈದ್ಯರಾಗಲು ಕಲಿಯುತ್ತಿದ್ದ ಏಳು ಮಂದಿಯನ್ನು ಕಟ್ಟಿಕೊಂಡು ದೊಡ್ಡ ಡಾಕ್ಟರು ತಿಂಗಳಿಗೊಮ್ಮೆ ಅವನ ಮನೆಗೇ ಪಾಠಕ್ಕೆ ಬರತೊಡಗಿದರು.

ಅವರು ಬರುವ ದಿನ ಅಜ್ಜನ ಸಡಗರ ನೋಡಬೇಕಿತ್ತು. ಗರಿಗರಿ ಅಂಗಿ ತೊಟ್ಟು, ಸ್ಟೂಲಿನ ಮೇಲೆ ಬಲಗಾಲು ಚಾಚಿ ಬೆಳಿಗ್ಗೆಯೇ ಕೂರುತ್ತಿದ್ದ. ಕಲಿಯುವವರು ಪ್ರಶ್ನೆ ಮರೆತರೆ ತಾನೇ ಮೆಲ್ಲಗೆ ಹೇಳಿಕೊಡುತ್ತಿದ್ದ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹೆಂಡತಿ ಗೊಣಗುತ್ತಿದ್ದಳು. ಬೇರೆ ಯಾರೂ ಆ ಮನೆಯ ಮೆಟ್ಟಿಲು ಹತ್ತುತ್ತಿರಲಿಲ್ಲ.

ಒಮ್ಮೆ ಅವನ ಎಡಗಾಲಿನ ಹೆಬ್ಬೆರಳು ಕಪ್ಪಗಾಯಿತು. ಆಸ್ಪತ್ರೆಗೆ ಹೋಗೋಣವೆಂದು ಹೆಂಡತಿ ಬೆನ್ನು ಬಿದ್ದಳು. ಮುಂದಿನ ವಾರ ಎಂಟು ಡಾಕ್ಟರು ಮನೆಬಾಗಿಲಿಗೇ ಬರುವಾಗ ಕ್ಯೂನಲ್ಲಿ ನಿಲ್ಲಲು ತನಗೇನು ತಲೆ ಕೆಟ್ಟಿದೆಯೇ ಎಂದ ಅಜ್ಜ. ಅವನು ಕಾದ. ಬೆರಳು ಕಾಯಲಿಲ್ಲ.

ಅವರು ಬಂದರು. ಬಲಗಾಲಿನ ಹುಣ್ಣು ಮಾಯ್ದಿದ್ದು ಕಂಡು ದೊಡ್ಡ ಡಾಕ್ಟರಿಗೆ ಹಿಗ್ಗೋ ಹಿಗ್ಗು. ಅಜ್ಜ ಎಡಗಾಲನ್ನು ಮುಂದೆ ಮಾಡಿದ.

"ಇವತ್ತು ಬಲಗಾಲಿನ ಪಾಠ ಅಜ್ಜಾ. ಅದಕ್ಕೆ ಆಮೇಲೆ ಬರೋಣ," ಎಂದರು ಅವರು.

ಆ 'ಆಮೇಲೆ' ಬರಲೇ ಇಲ್ಲ. ಏಳೂ ಮಂದಿ ಹೋದ ತಿಂಗಳ ತಪಾಸಣೆಯ ಹಾಳೆ ನೋಡಿ 'ಎಡಗಾಲು ಸರಿಯಿದೆ' ಎಂದು ನಕಲು ಹೊಡೆದರು. ಅವರಲ್ಲಿ ಒಬ್ಬ ಹುಡುಗಿಯ ಮೂಗಿಗೆ ಮಾತ್ರ ವಾಸನೆ ಬಡಿದಿತ್ತು. ಬಗ್ಗಿ ಬೆರಳನ್ನು ನೋಡಿದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಆದರೆ ಅಂದು ಅವಳಿಗೆ ಮಾರ್ಕು ಹಾಕುವವರು ಅದೇ ದೊಡ್ಡ ಡಾಕ್ಟರು. ಅವಳೂ ಅದನ್ನೇ ಬರೆದಳು. ಅವಳನ್ನು ನೆನೆದರೆ ಈ ಕತೆ ಹೇಳುವ ನನಗೆ ಈಗಲೂ ಮೈ ಉರಿಯುತ್ತದೆ.

ಅವರು ಹೋದ ಮೇಲೆ ಹೆಂಡತಿ ಮತ್ತೆ ಶುರುಮಾಡಿದಳು.

"ಎಂಟು ಜನ ನೋಡಿದಾರೆ ಕಣೇ. ಏನಾದ್ರೂ ಇದ್ದಿದ್ರೆ ಹೇಳ್ತಿರ್ಲಿಲ್ವಾ?" ಎಂದು ಅವಳ ಬಾಯಿ ಮುಚ್ಚಿಸಿದ.

ಹತ್ತು ದಿನಕ್ಕೆ ಜ್ವರ ಏರಿ ಪ್ರಜ್ಞೆ ತಪ್ಪಿತು. ಆಸ್ಪತ್ರೆಯಲ್ಲಿ ಎಡಗಾಲನ್ನು ಮೊಣಕಾಲಿನವರೆಗೆ ತೆಗೆದರು.

ಎರಡು ತಿಂಗಳ ಮೇಲೆ ದೊಡ್ಡ ಡಾಕ್ಟರು ಹೊಸ ಏಳು ಮಂದಿಯೊಂದಿಗೆ ಬಂದರು. ಈ ಸಲದ ಪಾಠ, ಕಾಲು ಕಳೆದುಕೊಂಡವರ ಆರೈಕೆ. ಚಿಕಿತ್ಸೆ ತಡವಾಗಿದ್ದೇಕೆ ಎಂದು ಅಜ್ಜನನ್ನೇ ಕೇಳಿ ತಿಳಿದುಕೊಳ್ಳಿ ಎಂದರು. ಹೆಂಡತಿ ಒಳಗಿನಿಂದ ದಡದಡ ಬಂದು ಬಾಯಿ ತೆರೆದಳು. ಅಜ್ಜ ಕೈಯೆತ್ತಿ ತಡೆದ. ನಿಜ ಹೇಳಿದರೆ ಇವರು ಇನ್ನು ಬರಲಾರರು ಎಂಬ ಭಯ ಅವನಿಗೆ.

"ತಪ್ಪು ನಂದೇ. ನಾನು ಯಾರಿಗೂ ತೋರಿಸ್ಲಿಲ್ಲ," ಎಂದ.

"ಕೇಳಿದ್ರಲ್ಲ, ಬರ್ಕೊಳ್ಳಿ," ಎಂದರು ದೊಡ್ಡ ಡಾಕ್ಟರು. ಏಳೂ ಮಂದಿ ತಲೆ ತಗ್ಗಿಸಿ ಬರೆದುಕೊಂಡರು. ಹೆಂಡತಿ ಅವತ್ತಿನಿಂದ ಅವನೊಡನೆ ಮಾತು ಬಿಟ್ಟಳು.