ಒಂದು ಕೈಯ ಶರಣು

ಬೆಳಗಿನ ಆರೂವರೆ. ಬಳ್ಳಾರಿಯ ಮೂಳೆ ಆಸ್ಪತ್ರೆಯೊಂದರ ಎರಡನೇ ಮಹಡಿಯಲ್ಲಿ ನರ್ಸ್ ವಿರೂಪಮ್ಮ ದಿಂಬುಗಳ ಜೊತೆ ಜಗಳಕ್ಕೆ ನಿಂತಿದ್ದಾರೆ. ಭುಜದ ಆಪರೇಷನ್ ಆದವರು ಅಂಗಾತ ಮಲಗಿದರೆ ನೋವು ಏರುತ್ತದೆ. ಬೆನ್ನಿಗೆ ಎರಡು, ಮೊಣಕೈ ಕೆಳಗೆ ಒಂದು ದಿಂಬು ಬೇಕು. ಅಂತೂ ದಿಂಬು ಕೂತಿತು. ಐಸ್ ಚೀಲಕ್ಕೆ ಬಟ್ಟೆ ಸುತ್ತಿ ಭುಜದ ಮೇಲಿಡುತ್ತ, ಮಂಚದಲ್ಲಿರುವ ಕೊಟ್ರಬಸಪ್ಪನವರನ್ನು ಕೇಳುತ್ತಾರೆ: "ಹತ್ತರಾಗ ಎಷ್ಟೈತ್ರಿ ಅಣ್ಣ, ನೋವು?"

"ಮೂರ್ರಿ," ಎನ್ನುತ್ತಾರೆ ಅವರು. ಮೊನ್ನೆ ಸಂಜೆ ಇದೇ ಬಾಯಿ ಒಂಬತ್ತು ಎಂದಿತ್ತು.

ಕುರುಗೋಡಿನಿಂದ ಮೊದಲ ಬಸ್ಸು ಹಿಡಿದು ಬರುವ ವಿರೂಪಮ್ಮನಿಗೆ ಹದಿನೇಳು ವರ್ಷದ ಅನುಭವ. ವಾರಕ್ಕೆ ಐದಾರು ಭುಜಗಳು ಅವರ ಆರೈಕೆಗೆ ಬರುತ್ತವೆ. ಅವರದು ಒಂದೇ ಹಟ: ನೋವಿಗೆ ಕೊಡುವ, ಚಟ ಹಿಡಿಸಬಲ್ಲ ಅಫೀಮಿನ ವರ್ಗದ ಬಿರುಸು ಮಾತ್ರೆ ಬೇಕಾದಷ್ಟೇ ಇರಲಿ, ರೋಗಿಯ ಬೆನ್ನು ಹತ್ತಿ ಮನೆಗೆ ಹೋಗದಿರಲಿ. ಹಟದ ಕಾರಣ ಅವರ ಮನೆಯಲ್ಲೇ ಇದೆ. ಪತಿ ಹುಲುಗಪ್ಪ ಭುಜದ ಆಪರೇಷನ್ ಮಾಡಿಸಿಕೊಂಡಾಗ ಒಂದು ವಾರದ ಮಾತ್ರೆ ಐದು ತಿಂಗಳಿಗೆ ಬೆಳೆದಿತ್ತು.

"ಭುಜ ವಾಸಿ ಆತ್ರಿ, ಮಾತ್ರಿ ಬಿಡಲಿಲ್ಲ. ಊಟ ಸೇರಲ್ದು, ಮಾತೆತ್ತಿದ್ರ ಸಿಟ್ಟು. ನರ್ಸ್ ಆಗಿ ನನಗಾ ಗೊತ್ತಾಗ್ಲಿಲ್ಲಲ್ಲ ಅಂತ ಕರುಳು ಕಿತ್ತು ಬರ್ತಿತ್ತು. ಡಾಕ್ಟರ್ ಕಡೆ ತೋರ್ಸಿ ಸ್ವಲ್ಪ ಸ್ವಲ್ಪ ಬಿಡ್ಸಿದ್ವಿ. ಈಗ ಆರಾಮ ಅದಾರ," ಎನ್ನುತ್ತಾರೆ ವಿರೂಪಮ್ಮ.

ಕೊಟ್ರಬಸಪ್ಪ ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಹಮಾಲರು. ಮೂಟೆ ಹೊತ್ತೂ ಹೊತ್ತೂ ಬಲಭುಜದ ಸ್ನಾಯು ಹರಿದಿತ್ತು. ಆಪರೇಷನ್ನಿನ ಮರುದಿನ ಹಗಲೆಲ್ಲ ತಣ್ಣಗಿದ್ದ ನೋವು ಸಂಜೆ ಆರಕ್ಕೆ ಭುಗಿಲೆದ್ದಿತು. ಬಿರುಸು ಮಾತ್ರೆ ಕೊಟ್ಟದ್ದಾಯಿತು. ಎರಡನೇ ಸಂಜೆಯೂ ಅದೇ ಕಥೆ. ಗಾಯ ಚೆನ್ನಾಗಿತ್ತು, ಜ್ವರವಿರಲಿಲ್ಲ. ಹೀಗೇ ಆದರೆ ಮನೆಗೂ ಅದನ್ನೇ ಬರೆದುಕೊಡಬೇಕಾದೀತು ಎಂದರು ಡಾ. ಉಮಾಪತಿ. ಹಗಲು ಇಲ್ಲದ ನೋವು ಸಂಜೆಗೇ ಏಕೆ ಏಳುತ್ತದೆ ಎಂದು ಪತ್ತೆ ಮಾಡಲು ವಿರೂಪಮ್ಮ ಹೊರಟರು.

ನಿನ್ನೆ ಡ್ಯೂಟಿ ಮುಗಿದರೂ ಅವರು ಬಸ್ಸು ಹತ್ತಲಿಲ್ಲ. ಸಂಜೆ ನಾಲ್ಕಕ್ಕೆ, ನೋಡಲು ಬರುವವರ ಹೊತ್ತಿಗೆ, ವಾರ್ಡಿನ ಮೂಲೆಯಲ್ಲಿ ಕುಳಿತರು. ಬೀಗರು, ಮಿಲ್ಲಿನವರು, ಓಣಿಯ ಹಿರಿಯರು ಹಿಂದಿನ ಎರಡು ಸಂಜೆಯಂತೆಯೇ ಸಾಲುಗಟ್ಟಿ ಬಂದರು. ಮೊದಲನೆಯವರು ಒಳಗೆ ಕಾಲಿಟ್ಟದ್ದೇ ತಡ, ಕೊಟ್ರಬಸಪ್ಪ ಕೊರಳಿಗೆ ತೂಗುಹಾಕಿದ್ದ ಕೈಪಟ್ಟಿಯಿಂದ ಬಲಗೈ ಹೊರತೆಗೆದು, ಎರಡೂ ಕೈ ಜೋಡಿಸಿ "ಶರಣ್ರೀ" ಎನ್ನಬೇಕೆ!

"ಅಣ್ಣ, ಏನ್ ಮಾಡಾಕತ್ತೀರಿ? ಹೊಲಿದ ಭುಜರೀ ಅದು!"

"ದೊಡ್ಡೋರಿಗೆ ಒಂದ ಕೈಲೆ ಶರಣು ಅಂದ್ರ ಸೊಕ್ಕು ಬಂದೈತಿ ಅಂತಾರ, ಸಿಸ್ಟರ್."

ವಿರೂಪಮ್ಮ ನೇರವಾಗಿ, ಮೊದಲು ಒಳಬಂದ ಓಣಿಯ ಹಿರಿಯಜ್ಜ ಕೊಟ್ಟೂರಪ್ಪನವರತ್ತ ತಿರುಗಿದರು. "ಎಡಗೈ ಎದಿ ಮ್ಯಾಲೆ ಇಟ್ಕಂಡ್ರ ನಿಮಗ ಸಾಕೇನ್ರಿ, ಯಜಮಾನ್ರ?"

"ಸಾಕವ್ವ! ನಾವು ಆತನ ಭುಜ ನೋಡಾಕ ಬಂದೀವಿ, ಮುರಿಯಾಕ ಅಲ್ಲ," ಎಂದು ಅಜ್ಜ ನಕ್ಕುಬಿಟ್ಟರು.

ಡಾಕ್ಟರು ಪರೀಕ್ಷಿಸಿ, ಹೊಲಿಗೆ ಗಟ್ಟಿಯಾಗಿಯೇ ಇದೆ ಎಂದಾಗ ವಿರೂಪಮ್ಮ ಹೋದ ಜೀವ ಬಂದಂತೆ ಕುರ್ಚಿಗೊರಗಿದರು. ಆ ಸಂಜೆಗೆ ಐಸ್ ಮತ್ತು ವೇಳೆಗೆ ಸರಿಯಾಗಿ ಕೊಟ್ಟ ಸಾಧಾರಣ ಮಾತ್ರೆಯೇ ಸಾಕಾಯಿತು.

ಇಂದು ಮನೆಗೆ ಹೊರಟ ಕೊಟ್ರಬಸಪ್ಪನವರ ಚೀಟಿಯಲ್ಲಿ ಬಿರುಸು ಮಾತ್ರೆಯ ಹೆಸರಿಲ್ಲ. ಬಾಗಿಲಲ್ಲಿ ಅಭ್ಯಾಸಬಲದಿಂದ ಬಲಗೈ ಕದಲುತ್ತದೆ, ಅಲ್ಲೇ ನಿಲ್ಲುತ್ತದೆ. ಎಡಗೈ ಎದೆಗೆ ಹೋಗುತ್ತದೆ. "ಬರ್ತೀನ್ರಿ ಸಿಸ್ಟರ್, ಶರಣು."

ಏನಾದರೂ ಆಸೆ ಉಂಟೇ ಎಂದರೆ ವಿರೂಪಮ್ಮ ಖಾಲಿ ಮಂಚದ ದಿಂಬು ಕೊಡವುತ್ತ ನಗುತ್ತಾರೆ.

"ಆರು ತಿಂಗಳ ಬಿಟ್ಟು ಕೈ ತೋರ್ಸಾಕ ಬರ್ತಾರಲ್ರೀ, ಅವತ್ತು ಎರಡೂ ಕೈಲೆ ಶರಣು ಅನ್ನಲಿ. ಅಷ್ಟ ಸಾಕು."