ವಾರಿಜಕ್ಕನ ರೇಡಿಯೋ

ವಾರಿಜಕ್ಕನ ಔಷಧದಂಗಡಿಯಲ್ಲಿ ರೇಡಿಯೋ ಇದ್ದಕ್ಕಿದ್ದಂತೆ ಅಬ್ಬರಿಸತೊಡಗಿತೆಂದರೆ, ಯಾರೋ ಗುಟ್ಟು ಹೇಳುತ್ತಿದ್ದಾರೆ ಎಂದೇ ಅರ್ಥ. ಸೌತ್ ಸಿ ಬಡಾವಣೆಯ ಆ ಬೀದಿಯ ಹೆಂಗಸರಿಗೆಲ್ಲ ಇದು ಗೊತ್ತಿತ್ತು. ಒಳಗೆ ಬಂದವರು ಸೋಪು, ಪೌಡರು ನೋಡುವ ನೆಪದಲ್ಲಿ ದೂರ ನಿಲ್ಲುತ್ತಿದ್ದರು.

ವಾರಿಜಕ್ಕ ಕುಂದಾಪುರದ ಕಡೆಯವರು. ದಪ್ಪ ಕನ್ನಡಕ, ಬಿಳಿ ಕೋಟಿನ ಕೆಳಗೆ ಹತ್ತಿ ಸೀರೆ. ಈ ದೇಶದ ಸ್ವಾಹಿಲಿಯೂ ಬೈಗುಳವೂ ಅವರಿಗೆ ಒಂದೇ ಸಮ ಸಲೀಸು. ನಾನು ಮೈಸೂರಿನವಳು, ಇದೇ ಊರಿನ ರಿವರ್‌ಸೈಡಿನ ಒಂದು ಸಂಸ್ಥೆಯಲ್ಲಿ ಕೆಲಸ. ಗರ್ಭನಿರೋಧಕ ಮಾತ್ರೆ ಕೇಳಿ ಬಂದವರಿಗೆ ಯಾವುದು ಸರಿ, ಯಾವುದು ಅಪಾಯ ಎಂದು ಫಾರ್ಮಸಿಸ್ಟರಿಗೆ ತಿಳಿಸುವ ಸಾಫ್ಟ್‌ವೇರ್ ಮಾಡಿದ್ದೆವು. ಟ್ಯಾಬ್‌ನಲ್ಲಿ ಪ್ರಶ್ನೆಗಳು ಬರುತ್ತವೆ. ಉತ್ತರ ಒತ್ತಿದರೆ ಪರದೆ ಹಸಿರೋ ಕೆಂಪೋ ಆಗುತ್ತದೆ. ಅದನ್ನು ಕಲಿಸಲು ಹೋದ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, "ಸುಮ್ನೆ ಕೂತು ನೋಡು ಮಾರಾಯ್ತಿ" ಎಂದರು. ಸಿಟ್ಟು ಬಂತು. ಕೊಟ್ಟ ಕಾಫಿ ಮಾತ್ರ ಚೆನ್ನಾಗಿತ್ತು.

ಅಷ್ಟರಲ್ಲಿ ಅದೇ ಬೀದಿಯಲ್ಲಿ ಹೊಲಿಗೆ ಮಾಡುವ ವಾಂಜಿರು ಬಂದು ಮೆಲ್ಲಗೆ ಮಾತ್ರೆ ಕೇಳಿದಳು. ಬೆನ್ನ ಹಿಂದೆ ಕೆಮ್ಮಿನ ಔಷಧಕ್ಕೆ ನಿಂತ ನೆರೆಹೊರೆಯವರು. ನಾನು ಸುಮ್ಮನಿರಲಾರದೆ ಟ್ಯಾಬ್ ಹಿಡಿದು ಪ್ರಶ್ನೆಗಳನ್ನು ಸ್ಪಷ್ಟವಾಗಿ ಓದಿದೆ. ಎಲ್ಲಕ್ಕೂ ಇಲ್ಲ ಎಂದಳು. ಪರದೆ ಹಸಿರಾಯಿತು.

ವಾರಿಜಕ್ಕ ರೇಡಿಯೋದ ಕಿವಿ ತಿರುವಿ ಜೋರು ಮಾಡಿದರು. ಕೌಂಟರಿನ ಮೇಲೆ ಬಾಗಿ ಅವವೇ ಪ್ರಶ್ನೆಗಳನ್ನು ಅವಳ ಕಿವಿಯಲ್ಲಿ ಕೇಳಿದರು. ವಾಂಜಿರು ಏನೋ ಹೇಳುತ್ತಾ ಕಣ್ಣ ಮುಂದೆ ಬೆರಳಿನಿಂದ ಮಿಂಚಿನಂಥ ಅಂಕುಡೊಂಕು ಗೆರೆ ಎಳೆದಳು. ತಲೆನೋವಿಗೆ ಮೊದಲು ಕಣ್ಣೆದುರು ಹಾಗೆ ಬೆಳಕು ಕುಣಿಯುವವರಿಗೆ ಮಾಮೂಲಿ ಮಾತ್ರೆಯಿಂದ ಪಾರ್ಶ್ವವಾಯುವಿನ ಭಯ ಹೆಚ್ಚು. ವಾರಿಜಕ್ಕ ಒಂದೇ ಒಂದು ಉತ್ತರ ಬದಲಿಸಿದರು, ಪರದೆ ಕೆಂಪಾಯಿತು. ಬೇರೆ ಬಗೆಯ ಮಾತ್ರೆ ಕೊಟ್ಟು ಕಳಿಸಿದರು.

"ಮೊದಲು ಯಾಕೆ ಸುಳ್ಳು ಹೇಳಿದ್ಲು?" ಎಂದೆ.

"ಬೇಗ ಮುಗೀಲಿ ಅಂತ. ಬೆನ್ನ ಹಿಂದೆ ಜನ ನಿಂತ್ರೆ ಯಾರು ಹೌದು ಅಂತಾರೆ? ನಿನ್ನ ಯಂತ್ರ ಪಾಪ, ಹೇಳಿದ್ದೆಲ್ಲ ನಂಬ್ತದೆ."

ಆಫೀಸಿಗೆ ಬಂದು ಜಗಳವಾಡಿದೆ. 'ಪ್ರಶ್ನೆಗೆ ಮುನ್ನ ಏಕಾಂತ ಒದಗಿಸಿ' ಎಂಬ ಒಂದು ಸಾಲು ಪರದೆಗೆ ಸೇರಿತು. ಬೀರುವಿನಷ್ಟು ಅಗಲದ ಅಂಗಡಿಗಳಲ್ಲಿ ಏಕಾಂತ ಎಲ್ಲಿಂದ ತರುವುದೆಂದು ಯಾರೂ ಬರೆಯಲಿಲ್ಲ.

ಕೆಲ ಕಾಲದ ಮೇಲೆ ವಾರಿಜಕ್ಕನ ಗಂಡನಿಗೆ ದಾರ್ ಎಸ್ ಸಲಾಮಿಗೆ ವರ್ಗವಾಯಿತು. ಬೀಳ್ಕೊಡಲು ಹೋದಾಗ ಟ್ಯಾಕ್ಸಿಯಲ್ಲಿ ರೇಡಿಯೋವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ಅಂಗಡಿ ಕಡೆ ಒಂದು ಕಣ್ಣಿಡು ಮಾರಾಯ್ತಿ" ಎಂದರು. ನನಗೆ ಅಳು ಬಂತು. ಅವರು ಡ್ರೈವರನ ಜೊತೆ ದಾರಿಯ ಬಗ್ಗೆ ಜಗಳ ತೆಗೆದರು.

ಮುಂದಿನ ತಿಂಗಳು ಅಂಗಡಿಗೆ ಹೋದೆ. ಹೊಸ ಫಾರ್ಮಸಿಸ್ಟ್ ಒಳ್ಳೆಯ ಹುಡುಗ, ನಮ್ಮ ಪ್ರಶ್ನೆಗಳಲ್ಲಿ ಒಂದನ್ನೂ ಬಿಡುವವನಲ್ಲ. ಎಲ್ಲರೆದುರು ಗಟ್ಟಿಯಾಗಿ ಓದುತ್ತಿದ್ದ. ಕೌಂಟರಿನಲ್ಲಿ ವಾಂಜಿರು, ಹಿಂದೆ ಸಾಲು. ತಲೆನೋವು? ಇಲ್ಲ. ಕಣ್ಣ ಮುಂದೆ ಬೆಳಕು? ಇಲ್ಲ. ಯಾರ ಹೆಸರನ್ನೂ ಉಳಿಸಿಕೊಳ್ಳಬಾರದೆಂದು ನಾವೇ ಮಾಡಿದ ಯಂತ್ರಕ್ಕೆ ಅವಳ ಗುರುತೂ ಇಲ್ಲ. ಪರದೆ ಹಸಿರಾಯಿತು. ಮಾಮೂಲಿ ಮಾತ್ರೆಯನ್ನು ಕೈಚೀಲಕ್ಕೆ ಹಾಕಿಕೊಂಡು ಅವಳು ಹೊರಟಳು. ನಾನು ರೇಡಿಯೋ ಇದ್ದ ಮೂಲೆ ನೋಡಿದೆ, ಅಲ್ಲಿ ಬರೀ ವೈರು ಇತ್ತು.

ಅವಳ ಹಿಂದೆ ಓಡಿದೆ. ತಿರುವಿನಲ್ಲಿ ಜನರನ್ನು ಸಾಗಿಸುವ ಒಂದು ಮಟಾಟು ವ್ಯಾನು ಕಿವಿ ಕಿತ್ತುಹೋಗುವಂತೆ ಹಾಡು ಹಾಕಿಕೊಂಡು ನಿಂತಿತ್ತು. ಅವಳ ತೋಳು ಹಿಡಿದು ಅದರ ಮಗ್ಗುಲಿಗೇ ಕರೆದುಕೊಂಡು ಹೋಗಿ, ಕಿವಿಯ ಹತ್ತಿರ ಬಾಗಿ, ಆ ತಲೆನೋವು ಈಗಲೂ ಬರುತ್ತದೆಯೇ ಎಂದು ಕೇಳಿದೆ.

ವಾಂಜಿರು ಸುತ್ತ ನೋಡಿದಳು. ಆಮೇಲೆ ಬೆರಳೆತ್ತಿ ಕಣ್ಣ ಮುಂದೆ ಅದೇ ಗೆರೆ ಎಳೆದಳು.