ಯಾವ ಸೀಸೆ ಯಾರದು

ದೊಡ್ಡಮ್ಮ ತೀರಿಕೊಂಡ ಮೇಲೆ ಅವಳ ಅಂಗಡಿ ನನ್ನ ಪಾಲಿಗೆ ಬಂತು ಎಂದು ಎಲ್ಲರೂ ಹೇಳುತ್ತಾರೆ. ನಿಜವಾಗಿ ಬಂದದ್ದು ತಲೆನೋವು. ಕಪಾಟಿನ ತುಂಬ ಸುಗಂಧದ ಸೀಸೆಗಳು, ಒಂದರ ಮೇಲೂ ಗಿರಾಕಿಯ ಹೆಸರಿಲ್ಲ. "ಅವರವರದ್ದು ಅವರವರಿಗೆ ಕೊಟ್ಬಿಡು, ಅದಲು ಬದಲು ಮಾಡ್ಬೇಡ" ಎಂದು ಆಸ್ಪತ್ರೆಯ ಮಂಚದ ಮೇಲೆ ಮಲಗಿಯೇ ಅಪ್ಪಣೆ ಕೊಟ್ಟಿದ್ದಳು. ಅವಳಿಗೇನು, ಹೇಳಿ ಹೊರಟುಹೋದಳು. ಸಿಕ್ಕಿಹಾಕಿಕೊಂಡವಳು ನಾನು.

ಅವಳು ನನ್ನ ಅಮ್ಮನ ಅಕ್ಕ. ಕಿಟಕಿ ಪರದೆ ಹೊಲಿಯುತ್ತಿದ್ದವಳು ನಾಟಕದವರಿಗೆ ಉಡುಪು ಹೊಲಿದಳು, ಆಮೇಲೆ ತನ್ನದೇ ವಿನ್ಯಾಸ ಶುರುಮಾಡಿದಳು. ಕೊನೆಕೊನೆಗೆ ಊರಿನ ದೊಡ್ಡ ಮನೆಯ ಹೆಂಗಸರೆಲ್ಲ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು ಅವಳಿಗಾಗಿ ಕಾಯುವಂತಾಯಿತು. ಇದ್ದದ್ದು ಎರಡೇ ಕೋಣೆ. ಬೀದಿಯ ಕಡೆಯದರಲ್ಲಿ ಬಟ್ಟೆ ಕತ್ತರಿಸುವ ಮೇಜು, ಹೊಲಿಗೆ ಯಂತ್ರಗಳು, ಆಳುದ್ದದ ಕನ್ನಡಿ, ಜೊತೆಗೆ ನಾನು. ಹಿಂದಿನದರಲ್ಲಿ ಎಣ್ಣೆಗಳು, ಸಣ್ಣ ತಕ್ಕಡಿ, ಸೀಸೆಗಳು, ಅವನ್ನು ತೊಳೆಯಲು ಒಂದು ಸಿಂಕು. ಅವಳು ಅಲ್ಲಿಗೆ ಹೋಗಿ ಬಾಗಿಲು ಹಾಕಿಕೊಂಡಳೆಂದರೆ ತಂಗಿಯ ಮಗಳಾದ ನಾನೂ ಅತ್ತ ಸುಳಿಯುವಂತಿರಲಿಲ್ಲ.

ಅವಳ ಕೆಲಸದ ರೀತಿಯೇ ಬೇರೆ. ಉಡುಪಿಗೆ ಗುಂಡುಸೂಜಿ ಚುಚ್ಚಿ ಅಳತೆ ಸರಿಮಾಡುವ ದಿನ ಗಿರಾಕಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿ ಮಾತಿಗೆಳೆಯುತ್ತಿದ್ದಳು. ಕೈ ಬಟ್ಟೆಯ ಮೇಲೆ, ಕಿವಿ ಮಾತಿನ ಮೇಲೆ. ಆಮೇಲೆ ಆ ಹೆಂಗಸಿಗೆಂದೇ ಒಂದು ಸುಗಂಧ ಬೆರೆಸಿ, ಅದರಲ್ಲಿ ಹತ್ತಿಯ ದಾರ ಅದ್ದಿ, ಉಡುಪಿನ ಅಂಚಿನ ಮಡಿಕೆಯೊಳಗಿಟ್ಟು ಹೊಲಿಯುತ್ತಿದ್ದಳು. ಅದಿಲ್ಲದೆ ಉಡುಪು ಮುಗಿಯಿತು ಎಂದು ಅವಳು ಒಪ್ಪುತ್ತಿರಲಿಲ್ಲ. ಉಳಿದ ಸುಗಂಧ ಸೀಸೆಗೆ, ಸೀಸೆ ಕಪಾಟಿಗೆ. ಸೀಸೆಯ ಚೀಟಿಯಲ್ಲಿ ಹೆಸರಿನ ಬದಲು ಅವಳು ಕಂಡ ಗುಣ ಇರುತ್ತಿತ್ತು: "ಬಾಗಿಲಲ್ಲೇ ನಿಲ್ಲೋಳು", "ಬೆಲೆ ಕೇಳದೋಳು", "ಸುಳ್ಳು ಹೇಳೋಳು". ಹೆಸರು ಅಪ್ಪ ಅಮ್ಮ ಇಟ್ಟದ್ದು, ಅದರಿಂದ ತನಗೇನು ಪ್ರಯೋಜನ ಎನ್ನುವುದು ಅವಳ ವಾದ. ಸಾಯುವವರೆಗೂ ಅವಳಿಗೇ ನೆನಪಿದ್ದದ್ದರಿಂದ ತೊಂದರೆಯೂ ಆಗಿರಲಿಲ್ಲ.

ಫೋನು ಮಾಡಿ ಗಿರಾಕಿಗಳನ್ನೆಲ್ಲ ಕರೆದೆ. ತಪ್ಪಾಯಿತು. "ಬೆಲೆ ಕೇಳದೋಳು" ತಾನೇ ಎಂದು ಇಬ್ಬರು ಒಂದೇ ಸೀಸೆಗೆ ಕೈ ಹಾಕಿದರು. ಇಬ್ಬರೂ ಗುಂಡಿಯ ಲೆಕ್ಕದಲ್ಲೂ ಚೌಕಾಸಿ ಮಾಡಿದವರು. "ಸುಳ್ಳು ಹೇಳೋಳು" ನಾನಲ್ಲ ಎಂದು ಪ್ರತಿಯೊಬ್ಬರೂ ಹೇಳಿದರು, ಆದರೂ ಸಂಜೆಯ ಹೊತ್ತಿಗೆ ಆ ಸೀಸೆ ಮಾಯ. ಮೂಸಿ ಕಂಡುಹಿಡಿಯೋಣವೆಂದರೆ ಅವರು ತಂದ ಹಳೆಯ ಉಡುಪುಗಳ ಅಂಚಿನ ದಾರ ಒಣಗಿ ಎಷ್ಟೋ ಕಾಲವಾಗಿತ್ತು. ನಾಲ್ಕು ಸೀಸೆ ಮೂಸುವಷ್ಟರಲ್ಲಿ ನನ್ನ ಮೂಗು ಕೈಕೊಟ್ಟಿತು. ಎಲ್ಲವೂ ಒಂದೇ ಎನ್ನಿಸತೊಡಗಿತು.

ಹಲ್ಲಿನ ಡಾಕ್ಟರಮ್ಮ ಮಾತ್ರ ಗಲಾಟೆ ಮಾಡಲಿಲ್ಲ. ಚೀಟಿಗಳನ್ನು ಓದುತ್ತ ಬಂದು "ಅಳು ಬಂದಾಗ ನಗೋಳು" ಎಂಬುದರ ಹತ್ತಿರ ನಿಂತರು. ಮುಚ್ಚಳ ತೆಗೆದು ಮೂಸಿದರು. ನನ್ನ ಸ್ಟೂಲು ಎಳೆದುಕೊಂಡು ಕೂತು ನಗತೊಡಗಿದರು. ಆ ನಗು ಬೇಗ ನಿಲ್ಲಲಿಲ್ಲ.

"ಇದು ಅವರಿಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದರು. ನನಗೇನು ಗೊತ್ತು?

ಅವರನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು. ಎರಡು ಸಲ ಬಂದುಹೋದವರಿಗೆ ಒಂದು ಸೀಸೆ, ಒಂದು ಸಾಲು. ನನ್ನ ಮದುವೆಗೆ ಮುಂಚಿನಿಂದ ದೊಡ್ಡಮ್ಮನ ಮೇಜಿನ ಪಕ್ಕ ನಿಂತು ಬಟ್ಟೆ ಕತ್ತರಿಸಿದ ನನಗೆ? ಅವಳು ನನಗೂ ಒಂದು ಉಡುಪು ಹೊಲಿದಿದ್ದಳು, ಬೂದು ಬಣ್ಣದ್ದು. ಅಂಚನ್ನು ಬಿಚ್ಚಿ ನೋಡಿದೆ, ಒಳಗೆ ದಾರವಿರಲಿಲ್ಲ. ಆಮೇಲಿಂದ ಸೀಸೆ ಹಂಚುವುದು ನೆಪವಾಯಿತು, ನಾನು ನನ್ನದನ್ನೇ ಹುಡುಕುತ್ತಿದ್ದೆ. ಬಂದವರಿಗೆ ಬೇಕಾದ್ದು ಒಯ್ಯಲು ಬಿಟ್ಟೆ. ಯಾರದು ಯಾರ ಮನೆ ಸೇರಿತೋ ದೇವರೇ ಬಲ್ಲ. ಕೊನೆಗೆ ಉಳಿದದ್ದು "ಹೇಳಿದ್ದಕ್ಕೆಲ್ಲ ಹೂಂ ಅನ್ನೋಳು". ಇದೇ ನಾನಿರಬೇಕು ಎಂದುಕೊಂಡರೆ ಅವಮಾನ, ಅಲ್ಲ ಎಂದುಕೊಂಡರೆ ನನಗೆ ಏನೂ ಇಲ್ಲ. ಮಣಿಕಟ್ಟಿಗೆ ಹಚ್ಚಿಕೊಂಡು ದಿನವೆಲ್ಲ ಮೂಸಿದೆ. ಯಾರೋ ಪರಿಚಯವಿಲ್ಲದವರು ಪಕ್ಕದಲ್ಲಿ ಕೂತಂತಿತ್ತು.

ದೊಡ್ಡಮ್ಮನ ಜೊತೆಗೇ ಕೆಲಸ ಮಾಡಿ ಕೂದಲು ನೆರೆಸಿಕೊಂಡ ಕಸೂತಿ ಅಕ್ಕ ಕಿಟಕಿಯ ಹತ್ತಿರ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಅವಳನ್ನು ಕೇಳಬಹುದೆಂದು ನನಗೆ ಹೊಳೆದೇ ಇರಲಿಲ್ಲ. ನನ್ನ ಕೈಯನ್ನು ಎಳೆದು ಮೂಸಿ, ಅದು ಹಳೆಯ ಪೋಸ್ಟ್ ಮಾಸ್ಟರರ ಹೆಂಡತಿಯದು, ಆಯಮ್ಮ ದೊಡ್ಡಮ್ಮನಿಗಿಂತ ಮೊದಲೇ ಹೋದಳು ಎಂದಳು. ಹಾಗಾದರೆ ನನಗೆಂದು ದೊಡ್ಡಮ್ಮ ಸುಗಂಧ ಮಾಡಲೇ ಇಲ್ಲ ಎಂದೆ.

ಕಸೂತಿ ಅಕ್ಕ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿಟ್ಟಳು. "ಮಾಡ್ಲಿಲ್ಲ ಅಂತ ಯಾರೇ ಹೇಳಿದ್ದು? ವರ್ಷಾ ವರ್ಷಾ ಮಾಡೋಳು. ಮಾರನೇ ದಿನ ಮೂಸಿ, ಇದು ಅವಳಲ್ಲ ಅಂತ ಸಿಂಕಿಗೆ ಸುರಿಯೋಳು. ಖಾಲಿ ಸೀಸೆ ತೊಳ್ದಿದ್ದು ನಾನೇ ಅಲ್ವಾ. ಮಿಕ್ಕೋರನ್ನ ಅರ್ಧ ಗಂಟೆ ನೋಡಿದ್ರೆ ಸಾಕು, ಇವಳನ್ನ ದಿನಾ ನೋಡ್ತೀನಿ, ಏನೂ ತಿಳಿಯಲ್ಲ ಅನ್ನೋಳು."

ಸಂತೋಷಪಡಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ, ಎರಡೂ ಒಟ್ಟಿಗೇ ಬಂದು ಅಳು ನುಗ್ಗಿತು. ಎದ್ದು ಹಿಂದಿನ ಕೋಣೆಗೆ ಹೋದೆ. ಸಿಂಕಿನ ಎರಡೂ ಬದಿ ಹಿಡಿದು ಬಗ್ಗಿ, ನೀರು ಹೋಗುವ ತೂತಿಗೆ ಮೂಗಿಟ್ಟೆ. ಮೊದಲು ಸೋಪಿನ ವಾಸನೆ ಬಂತು, ಆಮೇಲೆ ಕೊಳವೆಯದು. ಅದರ ಕೆಳಗೆ ಇನ್ನೇನೋ ಇದ್ದ ಹಾಗಿತ್ತು. ಉಸಿರು ಬಿಟ್ಟು ಮತ್ತೆ ಬಗ್ಗಿದೆ.